ದೀಪ ಉರಿಯುತ್ತೆ, ಸ್ಕ್ರೀನ್ ಕಪ್ಪು: ಮಗಳಿಗೊಂದು ಪತ್ರ

ಪುಟ್ಟೀ,

"ಲ್ಯಾಪ್‌ಟಾಪ್ ಆನ್ ಆಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು" ಅಂತ ಒಂದೇ ಸಾಲು ಕಳಿಸಿದ್ದೀಯ. ಆ ಸಾಲಿಗೆ ಐದಾರು ಬೇರೆ ಬೇರೆ ಕಾಯಿಲೆ ಹೊಂದುತ್ತವೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಹಾಗಾಗಿ ಸ್ಕ್ರೂಡ್ರೈವರ್ ಹುಡುಕುವ ಮುಂಚೆ, ವಿಂಡೋಸ್ ಮತ್ತೆ ಹಾಕಿಸುವ ಯೋಚನೆಗೂ ಮುಂಚೆ, ಒಂದು ವಿಷಯ ನೋಡಿಕೋ: ಕತ್ತಲೆ ಯಾವಾಗ ಕವಿಯುತ್ತೆ? ಪವರ್ ಒತ್ತಿದಾಗಿನಿಂದಲೂ ಕಪ್ಪೇ, ಕಂಪನಿಯ ಲೋಗೊ ಬಂದುಹೋದ ಮೇಲೆ ಕಪ್ಪೇ, ಅಥವಾ ಪಾಸ್‌ವರ್ಡ್ ಹಾಕಿದ ಮೇಲೆಯೇ? ಲೋಗೊ ಎರಡು ಸೆಕೆಂಡ್ ಸ್ಪಷ್ಟವಾಗಿ ಕಂಡರೂ ಸಾಕು, ಪ್ಯಾನೆಲ್ (ಪರದೆಯ ಹಲಗೆ), ಕೇಬಲ್, ಬ್ಯಾಕ್‌ಲೈಟ್ (ಪರದೆಯ ಹಿಂದಿನ ಬೆಳಕು), ರ್‍ಯಾಮ್ (ಕೆಲಸದ ಮೆಮೊರಿ) ಎಲ್ಲ ಬಹುತೇಕ ನೆಟ್ಟಗಿವೆ ಅಂತ ಅರ್ಥ. ಆಗ ಅನುಮಾನ ವಿಂಡೋಸ್ ಮೇಲೆ, ಅದರಲ್ಲೂ ಪರದೆಗೆ ಚಿತ್ರ ಕಳಿಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರ್ ಮೇಲೆ.

ಶುರುವಿನಿಂದಲೂ ಕಪ್ಪಾಗಿದ್ದರೆ ಒಳಗೆ ಜೀವ ಇದೆಯಾ ಅಂತ ತಿಳಿಯಬೇಕು. ಪವರ್ ದೀಪ, ಫ್ಯಾನಿನ ಸದ್ದು ಎರಡನ್ನೂ ನಂಬಬೇಡ, ಕರೆಂಟ್ ಬಂದಿದೆ ಅನ್ನುವುದಕ್ಕಿಂತ ಹೆಚ್ಚೇನೂ ಅವು ಹೇಳುವುದಿಲ್ಲ. ಆನ್ ಮಾಡಿ ಒಂದು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ ನೋಡು. ಒತ್ತಿದಾಗಲೆಲ್ಲ ಆ ಕೀಯ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಕೆಲಸ ಮಾಡುತ್ತಿದೆ, ನಿನಗೆ ತೋರಿಸುತ್ತಿಲ್ಲ ಅಷ್ಟೆ. ದೀಪ ಅಲ್ಲಾಡದೇ ಇದ್ದರೆ ಯಂತ್ರ ಇನ್ನೂ ಎದ್ದೇ ಇಲ್ಲ. ಕ್ಯಾಪ್ಸ್ ಲಾಕ್ ದೀಪವೋ ಪವರ್ ದೀಪವೋ ತಾನಾಗಿಯೇ ಲೆಕ್ಕ ಹಾಕಿದಂತೆ ಮಿಟುಕಿ, ನಿಂತು, ಮತ್ತೆ ಅಷ್ಟೇ ಸಲ ಮಿಟುಕಿದರೆ ಅದು ದೋಷದ ಸಂಕೇತ. ಎಣಿಸಿ ಬರೆದುಕೋ. ಅದರ ಅರ್ಥ ನಿನ್ನ ಮಾಡೆಲ್ಲಿನ ಸರ್ವಿಸ್ ಕೈಪಿಡಿಯಲ್ಲಿರುತ್ತೆ. ಹಲವು ಡೆಲ್ ಮಾಡೆಲ್ಲುಗಳಲ್ಲಿ ಕಿತ್ತಳೆ 2 ಸಲ, ಬಿಳಿ 3 ಸಲ ಮಿಟುಕಿದರೆ ರ್‍ಯಾಮ್ ಸಿಗುತ್ತಿಲ್ಲ ಅಂತ.

ಯಂತ್ರಕ್ಕೆ ಜೀವ ಇದ್ದರೆ ಮುಂದಿನದು ಟಾರ್ಚ್ ಪರೀಕ್ಷೆ. ಕೋಣೆ ಕತ್ತಲೆ ಮಾಡಿ, ಫೋನಿನ ಟಾರ್ಚನ್ನು ಪರದೆಗೆ ಒಂದು ಬೆರಳಿನಷ್ಟು ಹತ್ತಿರ ಓರೆಯಾಗಿ ಹಿಡಿದು ನಿಧಾನಕ್ಕೆ ಸರಿಸು. ಗಡಿಯಾರದ ಅಂಕಿಯೋ ಲಾಗಿನ್ ಚೌಕವೋ ಮಸುಕಾಗಿ, ಹೊಗೆಯೊಳಗಿನ ನೆರಳಿನ ಹಾಗೆ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು ಮಾತ್ರ ಸತ್ತಿದೆ. ಮೊದಲು ಬ್ರೈಟ್‌ನೆಸ್ ಕೀ ಪೂರ್ತಿ ಏರಿಸಿ ನೋಡು. ಅದಕ್ಕೂ ಜಗ್ಗದಿದ್ದರೆ ತಪ್ಪು ಪ್ಯಾನೆಲ್ಲಿನ ಬೆಳಕಿನ ಪಟ್ಟಿಯಲ್ಲಿ, ಕೇಬಲ್ಲಿನಲ್ಲಿ, ಇಲ್ಲವೇ ಮದರ್‌ಬೋರ್ಡಿನ (ಒಳಗಿನ ಮುಖ್ಯ ಬೋರ್ಡಿನ) ಬ್ಯಾಕ್‌ಲೈಟ್ ಫ್ಯೂಸಿನಲ್ಲಿ. ಆ ಫ್ಯೂಸ್ ಸಾಸಿವೆ ಕಾಳಿನಷ್ಟಿರುತ್ತೆ, ಅದು ಹೋಗಿದ್ದಕ್ಕೆ ಇಡೀ ಪ್ಯಾನೆಲ್ ಬದಲಿಸುವವರೂ ಇದ್ದಾರೆ. ನಿನ್ನದು ಓಎಲ್‌ಇಡಿ ಪರದೆಯಾದರೆ ಈ ಪರೀಕ್ಷೆ ಬೇಡ, ಅದಕ್ಕೆ ಬ್ಯಾಕ್‌ಲೈಟೇ ಇಲ್ಲ.

ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಮಾಡು. ಯಾವುದೋ ಒಂದು ಕೋನದಲ್ಲಿ ಮಿಂಚಿ ಮಾಯವಾದರೆ ಹಿಂಜ್ (ಮುಚ್ಚಳದ ಕೀಲು) ಒಳಗಿಂದ ಹಾಯುವ ಡಿಸ್‌ಪ್ಲೇ ಕೇಬಲ್ ಸವೆದಿದೆ ಅಥವಾ ಸಡಿಲವಾಗಿದೆ. ಇನ್ನೊಂದು ಸಣ್ಣ ವಿಷಯವನ್ನು ಅನುಭವಿಗಳೂ ಮರೆಯುತ್ತಾರೆ: ಮುಚ್ಚಳ ಮುಚ್ಚಿದೆಯೋ ಇಲ್ಲವೋ ಅಂತ ಲ್ಯಾಪ್‌ಟಾಪ್ ತಿಳಿಯುವುದು ಒಂದು ಚಿಕ್ಕ ಅಯಸ್ಕಾಂತದ ಸೆನ್ಸರಿನಿಂದ. ಕೈಬಳೆಯ ಮ್ಯಾಗ್ನೆಟ್ ಕೊಂಡಿ, ಮ್ಯಾಗ್ನೆಟ್ ಇರುವ ಫೋನ್ ಕವರ್, ಕೆಳಗೆ ಇಟ್ಟ ಇನ್ನೊಂದು ಲ್ಯಾಪ್‌ಟಾಪ್ ಇವುಗಳಲ್ಲಿ ಯಾವುದಾದರೂ ಅದನ್ನು ಮೋಸ ಮಾಡಿದರೆ ಪರದೆ ಆರಿಯೇ ಇರುತ್ತೆ. ಎಲ್ಲ ದೂರ ಸರಿಸಿ ನೋಡು.

ಎಚ್‌ಡಿಎಂಐ ಕೇಬಲ್ ಸಿಕ್ಕರೆ ಟಿವಿಗೋ ಮಾನಿಟರಿಗೋ ಸಿಕ್ಕಿಸು. ಟಿವಿಯಲ್ಲಿ ಸರಿಯಾದ ಇನ್‌ಪುಟ್ ಆರಿಸಿಟ್ಟು ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡು, ವಿಂಡೋಸ್ ಕೀ ಹಿಡಿದು ಪಿ (P) ಒತ್ತಿ, ಕೆಳಬಾಣ ಒಂದು ಸಲ, ಎಂಟರ್. ಚಿತ್ರವನ್ನು ಯಾವ ಪರದೆಗೆ ಕಳಿಸಬೇಕು ಅಂತ ಆರಿಸುವುದು ಹೀಗೆ. ಬಾರದಿದ್ದರೆ ಅದನ್ನೇ ಇನ್ನೆರಡು ಸಲ ಮಾಡು. ಅಲ್ಲಿ ಚಿತ್ರ ಬಂದರೆ ಬೋರ್ಡು, ರ್‍ಯಾಮ್, ವಿಂಡೋಸ್ ಎಲ್ಲ ಚೆನ್ನಾಗಿವೆ. ಪ್ಯಾನೆಲ್ ಅಥವಾ ಕೇಬಲ್ ನೋಡಿಸುವ ಮುಂಚೆ ಫೈಲುಗಳನ್ನು ಕಾಪಿ ಮಾಡಿಕೊಳ್ಳಲು ಅದೇ ಒಳ್ಳೇ ಗಳಿಗೆ.

ಈಗ ಯಂತ್ರ ಎದ್ದೇ ಇಲ್ಲ ಅನ್ನುವ ಸ್ಥಿತಿ. ಚಾರ್ಜರ್ ತೆಗಿ, ಪೆನ್‌ಡ್ರೈವ್, ಮೌಸ್, ಮೆಮೊರಿ ಕಾರ್ಡ್, ಡಾಕ್ ಎಲ್ಲ ಕಿತ್ತಿಡು, ಬ್ಯಾಟರಿ ಹೊರಗಿಂದ ತೆಗೆಯುವಂಥದ್ದಾದರೆ ಅದನ್ನೂ ತೆಗಿ. ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿ. ಬ್ಯಾಟರಿ ಒಳಗೇ ಇದ್ದರೂ ಇದು ಉಪಯೋಗಕ್ಕೆ ಬರುತ್ತೆ, ಪವರ್ ಮತ್ತು ಕೀಬೋರ್ಡ್ ನೋಡಿಕೊಳ್ಳುವ ಚಿಪ್ಪು ಅಡ್ಡಾದಿಡ್ಡಿ ಸಿಕ್ಕಿಕೊಂಡಿದ್ದರೆ ಹಲವು ಮಾಡೆಲ್ಲುಗಳಲ್ಲಿ ಹೀಗೆ ಹಿಡಿದಾಗ ಹೊಸದಾಗಿ ಶುರುವಾಗುತ್ತೆ. ಆಮೇಲೆ ಚಾರ್ಜರ್ ಒಂದನ್ನೇ ಹಾಕಿ ಆನ್ ಮಾಡು. ಲ್ಯಾಪ್‌ಟಾಪಿನ ಜೊತೆ ಬಂದ ಚಾರ್ಜರೇ ಆಗಬೇಕು. 65 ವಾಟ್ ಬೇಡುವ ಯಂತ್ರಕ್ಕೆ 20 ವಾಟಿನ ಫೋನ್ ಚಾರ್ಜರ್ ಸಿಕ್ಕಿಸಿದರೆ ದೀಪ ಉರಿದು ಆಸೆ ತೋರಿಸಬಹುದು, ಖಾಲಿ ಬ್ಯಾಟರಿ ಇರುವಾಗ ಏಳುವಷ್ಟು ಶಕ್ತಿ ಸಿಗದಿರಬಹುದು.

ಅದಕ್ಕೂ ಏಳದಿದ್ದರೆ ರ್‍ಯಾಮ್. ಇದನ್ನು ನೀನೇ ಮಾಡಬಹುದು, ಆದರೆ ಅವಸರ ಬೇಡ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಉಬ್ಬಿದ್ದರೆ ಬಿಚ್ಚಲೇ ಬೇಡ, ಬ್ಯಾಟರಿ ಊದಿಕೊಂಡಿದೆ. ಚಾರ್ಜಿಗೂ ಹಾಕಬೇಡ, ಅದುಮಲೂ ಬೇಡ. ನೀರೋ ಕಾಫಿಯೋ ಚೆಲ್ಲಿದ್ದರೆ ಮೇಲೆ ಬರೆದದ್ದನ್ನೆಲ್ಲ ಮರೆತು, ಆಫ್ ಮಾಡಿ ಹಾಗೇ ಇಡು.

ಬಿಚ್ಚುವುದಾದರೆ ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಗೀಚಿ, ತೆಗೆದ ಸ್ಕ್ರೂಗಳನ್ನು ಅವವುಗಳ ಜಾಗದಲ್ಲೇ ಇಡು. ಎಲ್ಲವೂ ಒಂದೇ ಉದ್ದ ಇರುವುದಿಲ್ಲ, ಚಿಕ್ಕದರ ತೂತಿಗೆ ಉದ್ದದ್ದು ಹಾಕಿ ತಿರುಗಿಸಿದರೆ ಬೋರ್ಡಿಗೋ ಮೇಲಿನ ಕವರಿಗೋ ಚುಚ್ಚುತ್ತೆ. ಮುಚ್ಚಳ ಬರಲಿಲ್ಲ ಅಂತ ಎಳೆಯಬೇಡ, ರಬ್ಬರ್ ಕಾಲಿನ ಕೆಳಗೆ ಒಂದೆರಡು ಸ್ಕ್ರೂ ಅಡಗಿರುತ್ತವೆ. ಅಂಚಿನ ಕ್ಲಿಪ್ಪುಗಳನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಬಿಡಿಸು, ಚಾಕು ಬೇಡ. ಒಳಗೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸುವುದು. ಆಮೇಲೆ ಯಾವುದಾದರೂ ದೊಡ್ಡ ಲೋಹದ ವಸ್ತು ಮುಟ್ಟಿ ಮೈಯ ಸ್ಥಿರವಿದ್ಯುತ್ ಇಳಿಸಿಕೋ.

ರ್‍ಯಾಮ್ ಪಟ್ಟಿಯ ಎರಡೂ ಬದಿಯ ಲೋಹದ ಕೊಕ್ಕೆಗಳನ್ನು ಹೊರಕ್ಕೆ ಸರಿಸಿದರೆ ಅದು ತಾನೇ ಓರೆಯಾಗಿ ಮೇಲೇಳುತ್ತೆ. ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟದೆ ಅಂಚು ಹಿಡಿದು ತೆಗಿ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತುಸು ಒದ್ದೆ ಮಾಡಿದ ಬಟ್ಟೆಯಿಂದ ಹಲ್ಲು ಒರೆಸಿ ಒಣಗಿಸು. ವಾಪಸ್ ಹಾಕುವಾಗ ಕಚ್ಚು ಹೊಂದಿಸಿ, ಓರೆಯಾಗಿಯೇ ಪೂರ್ತಿ ಒಳಕ್ಕೆ ತಳ್ಳು. ಹಲ್ಲುಗಳು ಹೆಚ್ಚುಕಡಿಮೆ ಕಾಣದಂತಾದ ಮೇಲೆ ಕೆಳಕ್ಕೆ ಒತ್ತಿದರೆ ಕೊಕ್ಕೆ ಟಿಕ್ ಅನ್ನುತ್ತೆ. ಹೆಚ್ಚಿನವರು ಎಡವುವುದು ಇಲ್ಲೇ: ಅರ್ಧ ತಳ್ಳಿ ಬಗ್ಗಿಸಿಬಿಡುತ್ತಾರೆ, ಟಿಕ್ ಅನ್ನುತ್ತೆ, ಸ್ಕ್ರೀನ್ ಮತ್ತೆ ಕಪ್ಪು. ಎರಡು ಪಟ್ಟಿ ಇದ್ದರೆ ಒಂದನ್ನೇ ಹಾಕಿ ನೋಡು, ಆಮೇಲೆ ಇನ್ನೊಂದನ್ನು, ಆಮೇಲೆ ಸ್ಲಾಟ್ ಬದಲಿಸಿ. ಡಿಡಿಆರ್5 ಅನ್ನುವ ಹೊಸ ತಲೆಮಾರಿನ ರ್‍ಯಾಮ್ ಇರುವ ಯಂತ್ರಗಳು ರ್‍ಯಾಮ್ ಬದಲಾದ ಮೇಲೆ ಮೊದಲ ಸಲ ಹಲವು ನಿಮಿಷ ಕಪ್ಪಾಗಿಯೇ ಕೂತಿರಬಹುದು, ಅದು ರ್‍ಯಾಮಿನ ಜೊತೆ ಹೊಂದಿಕೊಳ್ಳುವ ಸಮಯ. ಹತ್ತು ನಿಮಿಷವಾದರೂ ಕಾದು ಆಮೇಲೆ ಆಫ್ ಮಾಡು. ನಿನ್ನದರಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆಯಾಗಿದ್ದರೆ ಮನೆಯಲ್ಲಿ ಮಾಡುವ ಕೆಲಸ ಅಲ್ಲಿಗೆ ಮುಗಿಯಿತು.

ಲೋಗೊ ಕಂಡು ಆಮೇಲೆ ಕಪ್ಪಾಗುವ ಯಂತ್ರಕ್ಕೆ ಮೊದಲು ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ (B) ನಾಲ್ಕನ್ನೂ ಒಟ್ಟಿಗೆ ಒತ್ತು. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತೆ, ಒಂದು ಬೀಪ್ ಕೇಳಬಹುದು. ಪಾಸ್‌ವರ್ಡ್ ಹಾಕಿದ ಮೇಲೆ ಕಪ್ಪು ಪರದೆಯ ಮೇಲೆ ಮೌಸಿನ ಬಾಣ ಮಾತ್ರ ಓಡಾಡುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗಿ, ರನ್ ನ್ಯೂ ಟಾಸ್ಕ್‌ನಲ್ಲಿ explorer.exe ಅಂತ ಟೈಪ್ ಮಾಡಿ ಎಂಟರ್ ಒತ್ತು. ಡೆಸ್ಕ್‌ಟಾಪ್ ಬರುವ ಸಾಧ್ಯತೆ ಇದೆ.

ಬಾರದಿದ್ದರೆ ಸೇಫ್ ಮೋಡ್, ಅಂದರೆ ತೀರ ಅಗತ್ಯದ ಡ್ರೈವರುಗಳಿಂದಷ್ಟೇ ವಿಂಡೋಸ್ ಏಳುವ ಸ್ಥಿತಿ. ವಿಂಡೋಸ್ ಲೋಡ್ ಆಗುತ್ತಿರುವಾಗಲೇ ಪವರ್ ಬಟನ್ ಹತ್ತು ಸೆಕೆಂಡ್ ಹಿಡಿದು ಆಫ್ ಮಾಡು. ಹೀಗೆ ಎರಡು ಮೂರು ಸಲ ಮಾಡಿದರೆ ರಿಪೇರಿ ಪರದೆ ತಾನಾಗಿ ಬರುತ್ತೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4. ಮಧ್ಯದಲ್ಲಿ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ 48 ಅಂಕಿಯ ಕೀ ಕೇಳಬಹುದು, ಅದು ಸಾಮಾನ್ಯವಾಗಿ ನಿನ್ನ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತೆ. ಫೋನಿನಿಂದ ಲಾಗಿನ್ ಆಗಿ ಮೊದಲೇ ಬರೆದಿಟ್ಟುಕೋ. ಸೇಫ್ ಮೋಡ್‌ನಲ್ಲಿ ಪರದೆ ಬಂದರೆ ತಪ್ಪು ಡ್ರೈವರಿನದೇ ಇರಬೇಕು: ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ತೆರೆದು ರೋಲ್ ಬ್ಯಾಕ್ ಮಾಡು (ಹಿಂದಿನ ಡ್ರೈವರಿಗೆ ಮರಳುವುದು), ಆ ಬಟನ್ ಮಂಕಾಗಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡು. ವಿಂಡೋಸ್ ಬದಲು ಲಿನಕ್ಸ್ ಆಗಿದ್ದರೆ ಆನ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಇ (e) ಒತ್ತಿ, linux ಅಂತ ಶುರುವಾಗುವ ಸಾಲಿನ ಕೊನೆಗೆ nomodeset ಸೇರಿಸಿ ಎಫ್10 ಒತ್ತು.

ಇಷ್ಟಕ್ಕೂ ಬಗ್ಗದಿದ್ದರೆ ರಿಪೇರಿಗೆ ಕೊಡು. ಕೊಡುವಾಗ "ಸ್ಕ್ರೀನ್ ಕಪ್ಪು" ಅನ್ನಬೇಡ. ಲೋಗೊ ಬಂತೋ ಇಲ್ಲವೋ, ಕ್ಯಾಪ್ಸ್ ಲಾಕ್ ಏನು ಮಾಡಿತು, ಟಾರ್ಚಿನಲ್ಲಿ ಏನು ಕಂಡಿತು, ಟಿವಿಯಲ್ಲಿ ಚಿತ್ರ ಬಂತೇ, ದೀಪ ಎಷ್ಟು ಸಲ ಮಿಟುಕಿತು, ಇದಿಷ್ಟನ್ನು ಚೀಟಿಯಲ್ಲಿ ಬರೆದು ಜೊತೆಗೆ ಕೊಡು. ಪ್ಯಾನೆಲ್ ಬದಲಿಸಬೇಕು ಅಂದರೆ ಹಳೆಯದರ ಬೆನ್ನಿನ ಸ್ಟಿಕ್ಕರಿನ ಪಾರ್ಟ್ ನಂಬರ್ ನೋಡಿಯೇ ತರಿಸಲು ಹೇಳು. 30 ಪಿನ್ನಿನದು 40 ಪಿನ್ನಿನ ಜಾಗಕ್ಕೆ ಕೂರುವುದಿಲ್ಲ. ಎಸ್‌ಎಸ್‌ಡಿ (ಫೈಲುಗಳಿರುವ ಡಿಸ್ಕ್) ಬಿಡಿಯಾಗಿ ಬರುವಂಥದ್ದಾದರೆ ಅದನ್ನು ನೀನೇ ತೆಗೆದಿಟ್ಟುಕೊಂಡು ಕೊಡು. ಪರದೆ ರಿಪೇರಿಗೆ ನಿನ್ನ ಫೈಲುಗಳು ಬೇಕಿಲ್ಲ.

ಟಾರ್ಚ್ ಪರೀಕ್ಷೆ ಇವತ್ತು ರಾತ್ರಿಯೇ ಮಾಡಿ ಏನು ಕಂಡಿತು ಅಂತ ಬರಿ.

ಅಮ್ಮ