ನಂಬಿದರೆ ಸಾಕು, ಏನು ಮಾಡಿದರೂ ನಡೆಯುತ್ತದೆಯೇ?

ಮಾನ್ಯರೇ,

ಕ್ರೈಸ್ತರಿಗೆ ನಂಬಿಕೆ ಇದ್ದರೆ ಸಾಕು, ನಡತೆ ಹೇಗಿದ್ದರೂ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಸಿಗುತ್ತದೆ ಎಂದು ಓದುಗರೊಬ್ಬರು ಬರೆದಿದ್ದಾರೆ. ಹಾಗೇನಿಲ್ಲ. ನಮ್ಮದು ಬಾಸೆಲ್ ಮಿಷನ್ ಪರಂಪರೆಯ ಪ್ರೊಟೆಸ್ಟೆಂಟ್ ಮನೆ, ಹೆಂಡತಿ ಕ್ಯಾಥೋಲಿಕ್. ಈ ಜಗಳ ನಮ್ಮ ಊಟದ ಮೇಜಿನಲ್ಲೇ ಜಾಸ್ತಿ! ಮನುಷ್ಯ ನೀತಿವಂತನಾಗುವುದು ನಂಬಿಕೆಯಿಂದ ಎಂದು ನಾನು ಬೈಬಲಿನಲ್ಲಿ ರೋಮಾಪುರದವರಿಗೆ ಪೌಲ ಬರೆದ ಪತ್ರ ತೆಗೆದರೆ, ಅವಳು ಅದೇ ಬೈಬಲಿನ ಯಾಕೋಬನ ಪತ್ರ ತೆಗೆಯುತ್ತಾಳೆ: ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು. ಆದರೆ ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ ಕೂಡ ಒಳ್ಳೆಯ ಕೆಲಸ ಬೇಡ ಎಂದವನಲ್ಲ. ಅದರಿಂದ ರಕ್ಷಣೆ ಸಂಪಾದಿಸಲಾಗದು, ನಂಬಿಕೆ ಇದ್ದಲ್ಲಿ ಅದು ತಾನಾಗಿ ಬರುತ್ತದೆ ಎಂದ, ಅಷ್ಟೇ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರು, ಕ್ಯಾಥೋಲಿಕರು ಇದೇ ಅರ್ಥದ ಜಂಟಿ ಘೋಷಣೆಗೆ ಸಹಿ ಹಾಕಿದರು. ಎಲ್ಲ ತಕರಾರೂ ತೀರಿಲ್ಲ ನಿಜ, ನಮ್ಮ ಮನೆಯಲ್ಲಂತೂ ಇಲ್ಲ. ಆ ಓದುಗರು ಬರೆಯುವ ಮುಂಚೆ ಈ ಘೋಷಣೆಯನ್ನೊಮ್ಮೆ ಓದಬಹುದಿತ್ತಲ್ವಾ?

– ಓದುಗ, ಬಲ್ಮಠ, ಮಂಗಳೂರು