ಭಾವನ ಆಪರೇಷನ್ ಬಗ್ಗೆ ಅಕ್ಕನಿಗೆ

ಆಮ್‌ಸ್ಟರ್‌ಡ್ಯಾಮ್

ಪ್ರೀತಿಯ ಅಕ್ಕನಿಗೆ,

ಭಾವನ ರಿಪೋರ್ಟುಗಳು ವಾಟ್ಸಾಪಿನಲ್ಲಿ ಬಂದವು. ಡ್ಯೂಟಿ ಮುಗಿಸಿ ಬಂದು ನಿಧಾನವಾಗಿ ಓದಿದೆ. ಗಡ್ಡೆ ಇರುವುದು ಪ್ಯಾಂಕ್ರಿಯಾಸಿನ (ಮೇದೋಜೀರಕ ಗ್ರಂಥಿಯ) ಬಾಲದಲ್ಲಿ, ಗುಲ್ಮದ (ಸ್ಪ್ಲೀನ್) ಪಕ್ಕ. ನಿಮ್ಮತ್ತೆಯನ್ನು ಯಾರೋ ಹೆದರಿಸಿದ್ದಾರಲ್ಲ, ಅದು ಪ್ಯಾಂಕ್ರಿಯಾಸಿನ ತಲೆಭಾಗದ ಆಪರೇಷನ್ ಕಥೆ. ಅಲ್ಲಿ ಸಣ್ಣಕರುಳಿನ ಮೊದಲ ಭಾಗ, ಪಿತ್ತಕೋಶ ಎಲ್ಲ ತೆಗೆದು ಮೂರು ಕಡೆ ಮತ್ತೆ ಜೋಡಿಸಬೇಕು. ಬಾಲ ತೆಗೆದರೆ ಜೋಡಣೆಯೇ ಇಲ್ಲ, ಕತ್ತರಿಸಿದ ತುದಿ ಮುಚ್ಚಿದರೆ ಆಯಿತು. ಅತ್ತೆಗೆ ಇದನ್ನು ಕೂರಿಸಿ ಹೇಳು.

ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆ ಕೊಯ್ಯದೆ ಸಣ್ಣ ತೂತುಗಳಿಂದ ಮಾಡುವ ಆಪರೇಷನ್, ಮಾಡಿಸಬಹುದಾ ಅಂತ ನೀನು ಕೇಳಿದ್ದೆ. ಬಾಲಕ್ಕಾದರೆ ಧೈರ್ಯವಾಗಿ ಮಾಡಿಸಿ. ಇಲ್ಲಿ ನೆದರ್ಲೆಂಡ್ಸಿನ 14 ಆಸ್ಪತ್ರೆಗಳು ಸೇರಿ 108 ಜನರ ಮೇಲೆ ಹೋಲಿಸಿ ನೋಡಿದ್ದರು. 2019ರಲ್ಲಿ ಫಲಿತಾಂಶ ಬಂತು. ಹೊಟ್ಟೆ ಕೊಯ್ದವರು ಚೇತರಿಸಿಕೊಳ್ಳಲು 6 ದಿನ, ತೂತು ಮಾಡಿ ತೆಗೆಸಿಕೊಂಡವರು 4 ದಿನ. ರಕ್ತ ಹೋಗಿದ್ದೂ ಕಡಿಮೆ. ಚೇತರಿಕೆ ಅಂದರೆ ಮಾತ್ರೆಯಲ್ಲೇ ನೋವು ತಡೆಯಬೇಕು, ತಾನೇ ಎದ್ದು ಓಡಾಡಬೇಕು, ಊಟ ಸೇರಬೇಕು, ಡ್ರಿಪ್ ಬೇಡವಾಗಬೇಕು. ಕ್ಯಾನ್ಸರ್ ಇದ್ದವರಲ್ಲೂ ಗಡ್ಡೆ ಪೂರ್ತಿ ತೆಗೆಯುವ ವಿಷಯದಲ್ಲಿ ಇದು ಹಿಂದೆ ಬಿದ್ದಿಲ್ಲ ಅಂತ 2023ರಲ್ಲಿ ಇನ್ನೊಂದು ದೊಡ್ಡ ಪರೀಕ್ಷೆ ತೋರಿಸಿತು.

ತಲೆಭಾಗದ ಮಾತೇ ಬೇರೆ. ಅದನ್ನೂ ಇಲ್ಲಿ ಪರೀಕ್ಷಿಸಿದರು. ಲ್ಯಾಪ್ರೋಸ್ಕೋಪಿಯ 50 ಜನರಲ್ಲಿ 5 ಜನ ತೊಂದರೆಯಾಗಿ ತೀರಿಕೊಂಡರು, ಹೊಟ್ಟೆ ಕೊಯ್ದ 49ರಲ್ಲಿ ಒಬ್ಬರು. ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಆದರೆ ನಮ್ಮ ಕೊಯಮತ್ತೂರಿನ ಸರ್ಜನ್‌ಗಳು ಅದಕ್ಕೂ ಮೊದಲು ಅದೇ ಆಪರೇಷನ್ ಮಾಡಿ, ರೋಗಿಗಳು 13 ದಿನದ ಬದಲು 7 ದಿನಕ್ಕೆ ಮನೆಗೆ ಹೋದರು ಅಂತ ತೋರಿಸಿದ್ದರು. ನನಗನ್ನಿಸುವುದು, ತೂತಿಗಿಂತ ಕೈ ಮುಖ್ಯ. ಬೆಂಗಳೂರಿನ ಡಾಕ್ಟರನ್ನು ಸಂಕೋಚವಿಲ್ಲದೆ ಕೇಳು: ವರ್ಷಕ್ಕೆ ಇಂಥವು ಎಷ್ಟು ಮಾಡ್ತೀರಿ, ಕತ್ತರಿಸಿದ ಕಡೆ ಪ್ಯಾಂಕ್ರಿಯಾಸಿನ ರಸ ಸೋರಿದರೆ ರಾತ್ರಿ ನೋಡೋರು ಯಾರು?

ರಸ ಸೋರುವುದು ಲ್ಯಾಪ್ರೋಸ್ಕೋಪಿಯಿಂದ ಕಡಿಮೆಯಾಗಲ್ಲ ಅಕ್ಕ. ಅದಕ್ಕೇ ಹೊಟ್ಟೆಯಿಂದ ತೆಳು ಪೈಪ್ ಬಿಟ್ಟಿರುತ್ತಾರೆ. ಆ ಪೈಪಿನ ತುದಿಯ ಚೀಲದಲ್ಲಿ ಸೇರುವ ನೀರು ಮೊದಲು ಕೆಂಪಗೆ ಇರುತ್ತೆ, ಆಮೇಲೆ ತಿಳಿಯಾಗುತ್ತೆ. ಮೂರನೇ ದಿನ ಅದರಲ್ಲಿ ಅಮೈಲೇಸ್ (ಪ್ಯಾಂಕ್ರಿಯಾಸಿನ ರಸದ ಅಂಶ) ಎಷ್ಟಿದೆ ಅಂತ ಲ್ಯಾಬಿಗೆ ಕಳಿಸುತ್ತಾರೆ. ಜಾಸ್ತಿ ಇದ್ದರೆ ಪೈಪ್ ಕೆಲವು ದಿನ ಹಾಗೇ ಇರುತ್ತೆ. ಪೈಪ್ ಸಮೇತ ಮನೆಗೆ ಕಳಿಸಿದರೂ ಗಾಬರಿಯಾಗಬೇಡ. ಜ್ವರ ಬಂದರೆ, ನೀರು ಬೂದು ಬಣ್ಣವಾದರೆ ತಕ್ಷಣ ಫೋನ್ ಮಾಡು.

ಲ್ಯಾಪ್ರೋಸ್ಕೋಪಿಗೆ ಹೊಟ್ಟೆಗೆ ಗ್ಯಾಸ್ ತುಂಬಿರುತ್ತಾರಲ್ಲ, ಅದರಿಂದ ಭುಜ ನೋಯುತ್ತೆ. ನಮ್ಮ ವಾರ್ಡಿನಲ್ಲಿ ಎಷ್ಟೋ ಜನ ಹಾರ್ಟ್ ಅಂತ ಹೆದರುತ್ತಾರೆ. ಭಾವನಿಗೆ ಮೊದಲೇ ಹೇಳಿರು. ಕೆಮ್ಮುವಾಗ ದಿಂಬು ಹೊಟ್ಟೆಗೆ ಒತ್ತಿಕೊಳ್ಳಲಿ. ಶುಗರ್ ಕೂಡ ಏರಬಹುದು, ಆಗಾಗ ನೋಡಿಸಬೇಕು.

ಗುಲ್ಮವನ್ನೂ ತೆಗೆಯಬಹುದು ಅಂತ ಡಾಕ್ಟರ್ ಬರೆದಿದ್ದಾರೆ. ಹಾಗಿದ್ದರೆ ಸೋಂಕು ತಡೆಯುವ ನ್ಯುಮೋಕಾಕಸ್, ಮೆನಿಂಗೋಕಾಕಸ್ ಲಸಿಕೆಗಳು ಎರಡು ವಾರ ಮುಂಚೆ ಆಗಿದ್ದರೆ ಒಳ್ಳೆಯದು. ನಾಳೆಯೇ ಕೇಳು. ಭಾನುವಾರ ಫೋನ್ ಮಾಡುತ್ತೇನೆ, ಭಾವನನ್ನೂ ಪಕ್ಕದಲ್ಲಿ ಕೂರಿಸಿಕೋ.

ನಿನ್ನ ತಂಗಿ