ಹೊಳೆಯುವ ಕಲ್ಲು ಇನ್ನು ಸಿಗುವುದಿಲ್ಲ, ಯಾಕೆ ಅಂದರೆ...

ಪ್ರೀತಿಯ ಗ್ರಾಹಕರೇ,

ಸುತ್ತಿ ಬಳಸಿ ಹೇಳುವುದಿಲ್ಲ. ಸಿಮೆಂಟಿನಲ್ಲಿ ಗಾಜಿನ ಚೂರು, ಬಣ್ಣದ ಟೈಲ್ಸ್ ತುಂಬಿಸಿ, ಮೇಲೆ ವಾರ್ನಿಶ್ ಹೊಡೆದು ನಾವು ಮಾಡುತ್ತಿದ್ದ 12 ಇಂಚಿನ ಹೊಳೆಯುವ ಕಲ್ಲುಗಳನ್ನು ನಿಲ್ಲಿಸುತ್ತಿದ್ದೇವೆ. ನವಿಲು, ತಾವರೆ, ಚಿಟ್ಟೆ ಮೂರೂ ಡಿಸೈನ್ ಬಂದ್. ಇನ್ನು ಮುಂದೆ ಅಂಗಳದಲ್ಲಿ, ತೋಟದಲ್ಲಿ ನಡೆದಾಡಲು ಸಿಗುವುದು 16 ಇಂಚು ಅಗಲ, 2 ಇಂಚು ದಪ್ಪದ, ಮೇಲ್ಭಾಗ ತರಿತರಿ ಇರುವ ಕಲ್ಲು ಮಾತ್ರ. ಬೆಲೆ ಜಾಸ್ತಿ ಆಗುತ್ತದೆ, ಕಾಯಬೇಕಾದ ದಿನವೂ ಜಾಸ್ತಿ. ಯಾಕೆ ಅಂತ ನೀವು ಕೇಳಿಯೇ ಕೇಳುತ್ತೀರಿ, ಅದಕ್ಕೇ ಈ ಪತ್ರ.

ಕಾರಣ ಮಳೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಜುಲೈ ಬರುವಷ್ಟರಲ್ಲಿ ಎಲ್ಲದಕ್ಕೂ ಹಾವಸೆ, ಅಂದರೆ ಪಾಚಿ. ಮುರಕಲ್ಲಿಗೆ (ನಮ್ಮ ಕಡೆಯ ಕೆಂಪು ಕಲ್ಲು), ಹಂಚಿಗೆ, ಕಾಂಪೌಂಡಿಗೆ, ಮೂಲೆಯಲ್ಲಿ ಸುಮ್ನೆ ನಿಲ್ಲಿಸಿದ ಹಳೆ ಸ್ಕೂಟರಿಗೂ. ಕಲ್ಲು ತರಿತರಿ ಇದ್ದರೆ ಹಾವಸೆ ಹಿಡಿದರೂ ಕಾಲಿಗೆ ಒಂದಿಷ್ಟು ಆಧಾರ ಸಿಗುತ್ತದೆ, ಗಾಜು ಮತ್ತು ವಾರ್ನಿಶ್ ಮೇಲೆ ಅದೇ ಹಾವಸೆ ಹಿಡಿದರೆ ಬೆಳಿಗ್ಗೆ ಬರಿಗಾಲಲ್ಲಿ ದಾಸವಾಳ ಕೊಯ್ಯಲು ಹೋಗುವ ಅಮ್ಮನ ಗತಿ ಏನು? ಫೋನಿನಲ್ಲಿ ಫೋಟೋ ತೋರಿಸಿ "ಇದೇ ಥರ ಬೇಕು" ಅನ್ನುವವರಿಗೆ ನಾವು ಹೇಳುವುದು ಇಷ್ಟೇ, ಆ ಫೋಟೋ ಮಳೆಗಾಲದಲ್ಲಿ ತೆಗೆದದ್ದಲ್ಲ. ನಮ್ಮ ಹಿರಿಯರು ಮಳೆಗಾಲಕ್ಕೆ ಅಂಗಳದಲ್ಲಿ ಹಾಕುತ್ತಿದ್ದದ್ದು ಅಡಿಕೆ ದಬ್ಬೆ, ಇಲ್ಲದಿದ್ದರೆ ಒರಟು ಮುರಕಲ್ಲು. ಅದನ್ನು ಯಾರೂ ಪಾಲಿಶ್ ಮಾಡುತ್ತಿರಲಿಲ್ಲ ಅಲ್ವಾ?

ರೆಡ್ ಆಕ್ಸೈಡ್ ಹಾಕಿ ಹಳೆ ಮನೆಯ ಚಾವಡಿ ನೆಲದ ಹಾಗೆ ನುಣುಪು ಮಾಡಿಕೊಡಿ ಅಂತಲೂ ಹಲವರು ಕೇಳುತ್ತಾರೆ. ಆ ನೆಲ ಮಾಡಿನ ಕೆಳಗೆ ಚಂದ. ಹೊರಗೆ ಬೇಡ. ಕೆಂಪು ಬಣ್ಣವೇ ಬೇಕು ಅಂದರೆ ಕೊಡುತ್ತೇವೆ, ಆದರೆ ಮೇಲೆ ಬಳಿಯುವುದಿಲ್ಲ. ಪುಡಿಯನ್ನು ಸಿಮೆಂಟಿನಲ್ಲೇ ಕಲಸುತ್ತೇವೆ, 100 ಕಿಲೋ ಸಿಮೆಂಟಿಗೆ 5 ಕಿಲೋ ಮೀರದ ಹಾಗೆ. ಹಾಗೆ ಮಾಡಿದರೆ ಕಲ್ಲು ಸವೆದರೂ ಬಣ್ಣ ಎದ್ದು ಹೋಗುವುದಿಲ್ಲ.

ತರಿ ಅಂದಕೂಡಲೇ ಕೆಲವರು ಮುಖ ಕಿವುಚುತ್ತಾರೆ. ಒಮ್ಮೆ ಬಂದು ನೋಡಿ. ಒಂದು ಭಾಗ ಸಿಮೆಂಟ್, ಎರಡು ಭಾಗ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಮೂರು ಭಾಗ ಬೇಬಿ ಜಲ್ಲಿ (ಸಣ್ಣ ಜಲ್ಲಿ) ಕಲಸಿ, ಅಚ್ಚಿಗೆ ಅರ್ಧ ತುಂಬಿಸಿ, ನಡುವೆ ಒಂದು ತುಂಡು ಚಿಕನ್ ಮೆಶ್ (ಕೋಳಿಗೂಡಿನ ತಂತಿ ಬಲೆ) ಇಟ್ಟು, ಮೇಲೆ ಮತ್ತೆ ತುಂಬಿಸಿ ಅಚ್ಚನ್ನು ನೆಲಕ್ಕೆ ಮೆಲ್ಲಗೆ ಕುಟ್ಟುತ್ತೇವೆ, ಒಳಗಿನ ಗಾಳಿ ಗುಳ್ಳೆಯಾಗಿ ಮೇಲೆ ಬರುವುದು ನಿಲ್ಲುವವರೆಗೆ. ಆಮೇಲೆ ಕರಣೆಯಿಂದ ಸಪಾಟು ಮಾಡಿ ಬಿಟ್ಟುಬಿಡುವುದು. ಮೇಲೆ ನಿಂತ ನೀರಿನ ಹೊಳಪು ಆರಿ ಕಲ್ಲು ಮಂಕಾಗಬೇಕು, ಬೆರಳು ಒತ್ತಿದರೆ ಗುರುತು ಬೀಳಬೇಕು, ಆದರೆ ಬೆರಳಿಗೆ ಸಿಮೆಂಟು ಅಂಟಬಾರದು. ಆಗ ಹಿಡಿಸೂಡಿ (ಕಡ್ಡಿ ಪೊರಕೆ) ತೆಗೆದುಕೊಂಡು ಒಂದೇ ಎಳೆತ, ಈ ಕಡೆಯಿಂದ ಆ ಕಡೆಗೆ. ಎರಡನೇ ಸಲ ಎಳೆದರೆ ಗೆರೆ ಕಲಸಿ ಹೋಗುತ್ತದೆ. ಹೊಸ ಹಿಡಿಸೂಡಿ ಆಗುವುದಿಲ್ಲ, ಕಡ್ಡಿ ತುಂಬ ಚೂಪು, ಜಲ್ಲಿಯನ್ನೇ ಎಬ್ಬಿಸಿಬಿಡುತ್ತದೆ. ಅಂಗಳ ಗುಡಿಸಿ ಗುಡಿಸಿ ತುದಿ ಸವೆದದ್ದು ಬೇಕು. ನಮ್ಮ ಅಕ್ಕಂದಿರು ಮನೆಯಿಂದ ತರುವ ಹಳೆ ಹಿಡಿಸೂಡಿಗೆ ಶೆಡ್ಡಿನಲ್ಲಿ ಈಗ ಭಾರೀ ಬೇಡಿಕೆ!

ಇದೇ ಕಲ್ಲಿನಲ್ಲಿ ಎಲೆಯ ಅಚ್ಚೂ ಇದೆ. ಕೆಸುವಿನ ಎಲೆ ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೆ, ನರ ಉಬ್ಬಿರುವ ಹಿಂಬದಿಯನ್ನು ಕೆಳಗೆ ಮಾಡಿ ಹಸಿ ಕಾಂಕ್ರೀಟಿಗೆ ಒತ್ತಿ, ಮರುದಿನ ಸುಲಿದು ತೆಗೆದರೆ ಒಂದೊಂದು ನರವೂ ಗೀರಿನ ಹಾಗೆ ಇಳಿದಿರುತ್ತದೆ. ಪತ್ರೊಡೆಗೆ ಎಲೆ ಹೆಚ್ಚಿ ಕೈ ತುರಿಸಿಕೊಂಡವರಿಗೆ ಗೊತ್ತು, ಇಲ್ಲಿ ಅದರ ಜೊತೆ ಸಿಮೆಂಟೂ ಸೇರುತ್ತದೆ, ಗ್ಲೌಸ್ ಇಲ್ಲದೆ ಯಾರೂ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ದೊಡ್ಡ ಕೆಸು ಸಿಗುವುದು ಕಷ್ಟ, ಆಗ ನರ ಉಬ್ಬಿದ ಬೇರೆ ಎಲೆ. ಎಲೆಯ ಸುತ್ತಲಿನ ಜಾಗಕ್ಕೆ ಹಿಡಿಸೂಡಿ ಗೆರೆ ಇದ್ದೇ ಇರುತ್ತದೆ.

ಬಣ್ಣದ ಚೂರು ಇಲ್ಲದೆ ಬೋಳು ಕಾಣುತ್ತದೆ ಅನ್ನುವವರಿಗೆ ಅಂಚಿನಲ್ಲಿ ಹಂಚಿನ ಚೂರು ಕೂರಿಸಿಕೊಡುತ್ತೇವೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕರಾವಳಿಯಲ್ಲಿ ಹಂಚಿಗೆ ಬರಗಾಲ ಬಂದದ್ದಿಲ್ಲ, ಈಗ ಹಳೆ ಮನೆ ಬಿಚ್ಚಿದಲ್ಲೆಲ್ಲ ಒಡೆದ ಹಂಚು ರಾಶಿ ಬಿದ್ದಿರುತ್ತದೆ. ಚೂರುಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಇಡುತ್ತೇವೆ. ಒಣ ಹಂಚು ಸುತ್ತಲಿನ ಸಿಮೆಂಟಿನ ನೀರನ್ನು ಹೀರಿಬಿಡುತ್ತದೆ, ಆಮೇಲೆ ಹಿಡಿತ ಇಲ್ಲದೆ ಉದುರುತ್ತದೆ. ನಿಮ್ಮದೇ ತರವಾಡು ಮನೆಯ (ಕುಟುಂಬದ ಮೂಲ ಮನೆಯ) ಹಂಚು ಇದ್ದರೆ ತನ್ನಿ, ಅದನ್ನೇ ಹಾಕುತ್ತೇವೆ, ಅದಕ್ಕೆ ಬೇರೆ ದುಡ್ಡಿಲ್ಲ.

ಇನ್ನು ಕಾಯುವ ವಿಷಯ. ಕಲ್ಲು ಅಚ್ಚಿಗೆ ಹಾಕಿದ 28 ದಿನದ ಮೊದಲು ಶೆಡ್ಡಿನಿಂದ ಹೊರಗೆ ಕೊಡುವುದಿಲ್ಲ. ನೆಂಟರು ಬರುತ್ತಾರೆ, ಗೃಹಪ್ರವೇಶ ಇದೆ, ಏನು ಹೇಳಿದರೂ ಇಲ್ಲ. ಏಳು ದಿನಕ್ಕೆ ಕಾಂಕ್ರೀಟಿಗೆ ಬರುವುದು ಅದರ ಬಲದ ಮೂರರಲ್ಲಿ ಎರಡು ಪಾಲು ಅಷ್ಟೇ, ನೋಡಲು ಮಾತ್ರ ಪೂರ್ತಿ ಗಟ್ಟಿಯಾದ ಹಾಗೆ ಇರುತ್ತದೆ. ಮೊದಲ ವಾರ ಒದ್ದೆ ಗೋಣಿಚೀಲ ಹೊದೆಸಿ, ಅದು ಒಣಗದ ಹಾಗೆ ನೀರು ಹಾಕುತ್ತಾ ಇರುತ್ತೇವೆ.

ಬೆಲೆ: ಹಳೆಯ 12 ಇಂಚಿನ ಕಲ್ಲಿಗಿಂತ 60 ರೂಪಾಯಿ ಜಾಸ್ತಿ. ಆ ಕಲ್ಲು ಒಂದೂವರೆ ಇಂಚು ದಪ್ಪ, ಏಳು ಕಿಲೋ ಕೂಡ ತೂಗುತ್ತಿರಲಿಲ್ಲ. ಹೊಸದು 16 ಕಿಲೋ ಹತ್ತಿರ, ಸಿಮೆಂಟೇ ಸುಮಾರು ಎರಡೂವರೆ ಕಿಲೋ ಹೋಗುತ್ತದೆ. 50 ಕಿಲೋ ಚೀಲದಲ್ಲಿ 20 ಕಲ್ಲು ಆದರೆ ಆಯಿತು. ಹಾಗಾಗಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗುತ್ತೇನೆ ಅಂತ ಬರಬೇಡಿ, ಆಟೋ ಅಥವಾ ಟೆಂಪೋ ತನ್ನಿ. ಈ ಭಾರದಿಂದ ಒಂದು ಲಾಭ ಇದೆ, ಜೋರು ಮಳೆಗೆ ಕೆಳಗಿನ ಮಣ್ಣು ಸ್ವಲ್ಪ ಕೊರೆದರೂ ಕಲ್ಲು ಸುಲಭಕ್ಕೆ ಅಲ್ಲಾಡುವುದಿಲ್ಲ.

ಕೂರಿಸುವಾಗ ಮೂರೂವರೆ ಇಂಚು ಅಗೆದು, ತಳಕ್ಕೆ ಎರಡು ಇಂಚು ಜಲ್ಲಿ ಪುಡಿ ಹಾಕಿ ದಮ್ಮಸ್ಸು ಮಾಡಿ, ಕಲ್ಲು ನೆಲದಿಂದ ಅರ್ಧ ಇಂಚು ಮೇಲೆ ನಿಲ್ಲಬೇಕು. ನೆಲಕ್ಕೆ ಸಮ ಮಾಡಿದರೆ ಮೊದಲ ಮಳೆಗೇ ಕೆಂಪು ಮಣ್ಣು ಮೇಲೆ ಬಂದು ಕೂರುತ್ತದೆ. ನೀರು ಇಳಿದು ಹೋಗಲು ಒಂದು ಕಡೆಗೆ ತುಸು ವಾಲು ಕೊಡಿ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 24 ಇಂಚು ಅಂತ ಸಾಮಾನ್ಯ ಲೆಕ್ಕ, ಸೀರೆ ಉಟ್ಟವರು, ವಯಸ್ಸಾದವರು ಓಡಾಡುವ ದಾರಿಯಾದರೆ 20 ಸಾಕು. ಅಗೆಯುವ ಮೊದಲು ಕಲ್ಲನ್ನು ಹಾಗೇ ಹುಲ್ಲಿನ ಮೇಲೆ ಇಟ್ಟು ಮನೆಯವರನ್ನೆಲ್ಲ ಒಮ್ಮೆ ನಡೆಸಿ ನೋಡಿ. ಹಾವಸೆ ಬಂದಾಗ ಹಿಡಿಸೂಡಿ ಹಾಕಿ ಉಜ್ಜಿದರೆ ಸಾಕು, ಬಾವಿ ಹತ್ತಿರ ಬ್ಲೀಚಿಂಗ್ ಪೌಡರ್ ಸುರಿಯಬೇಡಿ.

ಅಡ್ವಾನ್ಸ್ ಕೊಟ್ಟವರು ಗಾಬರಿ ಆಗಬೇಡಿ, ನಿಮಗೆ ಹಳೆ ಬೆಲೆಯಲ್ಲೇ ಹೊಸ ಕಲ್ಲು. ಬೇಡ ಅಂದರೆ ದುಡ್ಡು ವಾಪಸ್. ಉಳಿದಿರುವ ನವಿಲು, ತಾವರೆಗಳನ್ನು ಅರ್ಧ ಬೆಲೆಗೆ ಕೊಡುತ್ತೇವೆ, ಆದರೆ ಗೋಡೆ ಬುಡಕ್ಕೆ, ಹೂವಿನ ಕುಂಡದ ಅಡಿಗೆ ಮಾತ್ರ. ದಾರಿಗೆ ಹಾಕುತ್ತೇನೆ ಅಂದರೆ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಪತ್ತನಾಜೆಯೊಳಗೆ (ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ಹೊತ್ತಿಗೆ) ಅಂಗಳದಲ್ಲಿ ಕಲ್ಲು ಕೂತಿರಬೇಕು ಅಂತಿದ್ದರೆ ಏಪ್ರಿಲ್ ಮೊದಲ ವಾರದೊಳಗೆ ಆರ್ಡರ್ ಹೇಳಿ. ಆಮೇಲೆ ಹೇಳಿದ್ದು ಮಳೆಗಾಲ ಮುಗಿದ ಮೇಲೆಯೇ, ಯಾಕೆಂದರೆ ನಮ್ಮ ಶೆಡ್ಡಿಗೆ ಮೂರು ಕಡೆ ಗೋಡೆ ಇಲ್ಲ, ಹಸಿ ಕಲ್ಲಿನ ಮೇಲೆ ಎರಚಲು ಬಿದ್ದರೆ ಗೆರೆ, ಎಲೆ ಎಲ್ಲ ತೊಳೆದು ಹೋಗುತ್ತದೆ. ಭಾನುವಾರ ರಜೆ. ಉಳಿದ ದಿನ ಸಂಜೆ ಐದರೊಳಗೆ ಬನ್ನಿ, ಆಮೇಲೆ ಅಕ್ಕಂದಿರಿಗೆ ಬಸ್ ಹಿಡಿಯುವ ಅವಸರ.

ಇಂತಿ,
ಶೆಡ್ಡಿನ ಎಲ್ಲರ ಪರವಾಗಿ
ಉಡುಪಿ